ತಪ್ಪು ಉತ್ತರದ ದಾರಿ

ತಿಥಿಗೆ ಬಂದ ನೆಂಟರು ಉಳಿದ ವಡೆಯನ್ನೂ ಕಟ್ಟಿಕೊಂಡು ಹೋದ ಮೇಲಿನ ಮೊದಲ ಬೆಳಗ್ಗೆ, ಮದ್ದೂರು ಕಡೆಯ ಕೊಪ್ಪದ ಆ ಮನೆಯಲ್ಲಿ ಉಳಿದದ್ದು ಶೋಭಿತಾ, ಅತ್ತೆ ಮರಿತಾಯಮ್ಮ ಮತ್ತು ಎಮ್ಮೆ. ಹಸಿವಾಗಿದ್ದದ್ದು ಎಮ್ಮೆಗೆ ಮಾತ್ರ. ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮಳವಳ್ಳಿ ಕಾಲೇಜಿನ ಇಂದ್ರಮ್ಮ ಮೇಡಂ ಫೋನು ಮಾಡಿದರು.

"ಬೇಜಾರ್ ಮಾಡ್ಕೋಬೇಡ ಕಣಮ್ಮ. ದೇವರಾಜು ನಮ್ ಟ್ಯಾಬ್ ತಗೊಂಡೋಗಿದ್ರು. ನಾಳೆ ತಂದ್ಕೊಡು. ಅದ್ರಲ್ಲಿ ಪಾಠ ಬಂದಿದ್ರೆ ಸಾಕು, ಅವರ ಬೈಗುಳ ಬ್ಯಾಡ."

ಶೋಭಿತಾಳ ಗಂಡ ದೇವರಾಜು ಮದ್ದೂರಿನ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದ. ಲೆಕ್ಕ ಬಾರದವರಿಗೆಂದು ಕಂಪ್ಯೂಟರಿನಲ್ಲಿ ಪಾಠ ಕಟ್ಟಿದ್ದ. ಸರಿಯುತ್ತರ ಒತ್ತಿದವರನ್ನು ಅದು ಮುಂದಕ್ಕೆ ಕಳಿಸುತ್ತಿತ್ತು. ತಪ್ಪಿದವರನ್ನು ಅವನದೇ ದನಿಯಲ್ಲಿ ಬೈದು ಸುಲಭದ ಪಾಠಕ್ಕೆ ತಿರುಗಿಸುತ್ತಿತ್ತು. ಮದ್ದೂರಿನವರು ಆ ಪಾಠವಿದ್ದ ಸಾಫ್ಟ್‌ವೇರನ್ನು ತಿಂಗಳ ಕೊನೆಗೆ ಮುಚ್ಚುವವರಿದ್ದರು. ಮಳವಳ್ಳಿಯವರದು ಬೇರೆ ಸಾಫ್ಟ್‌ವೇರ್. ಅದಕ್ಕೆ ಪಾಠ ಹೊಂದಿಸಲೆಂದು ಟ್ಯಾಬ್ ಎರವಲು ತಂದವನು, ಎಂದಿನಂತೆ ಕೆಲಸ ಅರ್ಧಕ್ಕೆ ಬಿಟ್ಟು, ಮೂವತ್ಮೂರಕ್ಕೇ ಹೃದಯ ನಿಲ್ಲಿಸಿಕೊಂಡಿದ್ದ.

ಶೋಭಿತಾ ಎಂಎಸ್ಸಿ ಓದಿದವಳು. ಟ್ಯಾಬ್ ನೋಡಿದ ಕೂಡಲೇ ತಿಳಿಯಿತು. ಪಾಠ, ಪ್ರಶ್ನೆ, ಸರಿಯುತ್ತರ ಎಲ್ಲ ಅದಕ್ಕೆ ದಾಟಿದ್ದವು. ತಪ್ಪಿದವರ ದಾರಿ ಮಾತ್ರ, ಬೈಗುಳವೂ ಸುಲಭದ ಪಾಠಕ್ಕೆ ತಿರುವೂ, ದಾಟಿರಲಿಲ್ಲ. ಹೀಗೇ ಕೊಟ್ಟರೆ ಮಳವಳ್ಳಿಯ ದಡ್ಡರು ನಿಂತಲ್ಲೇ ನಿಲ್ಲುತ್ತಾರೆ. ತಿಂಗಳ ಕೊನೆಗೆ ದೇವರಾಜುವಿನ ದನಿಯೂ ಅಳಿಸಿಹೋಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಮದ್ದೂರಿನ ಪಾಠ ತೆರೆದು, ಬೇಕೆಂದೇ ತಪ್ಪು ಒತ್ತಿದಳು.

"ಲೇ, ಅರ್ಧಕ್ಕಿಂತ ಕಾಲು ದೊಡ್ದೇನ್ಲಾ? ನಿಮ್ಮವ್ವ ಅರ್ಧ ಮುದ್ದೆ ಇಕ್ಕುದ್ರೆ ಬ್ಯಾಡ, ಕಾಲು ಮುದ್ದೆ ಇಕ್ಕು ಅಂತೀಯಾ?"

ಅಡುಗೆಮನೆಯಲ್ಲಿ ಸೌಟು ಬಿತ್ತು. ಮರಿತಾಯಮ್ಮ ಬಾಗಿಲಿಗೆ ಬಂದು ನಿಂತರು.

"ಸತ್ತೋದ್ರೂ ಬಯ್ಯೋದು ಬುಡ್ಲಿಲ್ವಲ್ಲ, ಮುಂಡೇದು." ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು, "ಇನ್ನೊಂದ್ ತಪ್ಪು ಒತ್ತವ್ವ," ಎಂದರು.

ಸಂಜೆಯವರೆಗೂ ಇಬ್ಬರೂ ತಪ್ಪು ಒತ್ತಿದರು. ನಲವತ್ತೊಂದು ಬೈಗುಳ. ಒಂದೊಂದನ್ನೂ ಶೋಭಿತಾ ಅದರದರ ತಪ್ಪಿಗೆ ಕೈಯಾರೆ ಜೋಡಿಸಿ ಟ್ಯಾಬಿಗೆ ದಾಟಿಸಿದಳು. ಅಳು ಬರಲಿಲ್ಲ. ಬೆನ್ನು ನೋವು ಬಂತು.

ಮರುದಿನ ಮಳವಳ್ಳಿಯಲ್ಲಿ, ಬೈಗುಳವೂ ಇದೆಯೆಂದು ಕೇಳಿ ಇಂದ್ರಮ್ಮ ಹುಬ್ಬು ಗಂಟಿಕ್ಕಿದರು. "ಬೈಗುಳ ಬ್ಯಾಡ ಅಂದಿದ್ನಲ್ಲಮ್ಮ."

"ಒಂದ್ ತಪ್ಪು ಮಾಡಿ ನೋಡಿ, ಮೇಡಂ."

ಇಂದ್ರಮ್ಮ ಕನ್ನಡದ ಉಪನ್ಯಾಸಕಿ. ಬೇಕೆಂದು ತಪ್ಪು ಮಾಡುವ ಪ್ರಮೇಯವೇ ಬರಲಿಲ್ಲ. ಸರಿಯೆಂದುಕೊಂಡೇ ಎರಡು ಸಲ ಒತ್ತಿದರು.

"ಮತ್ತೆ ಅದೇ ತಪ್ಪಾ? ಎದ್ದೋಗಿ ನೀರ್ ಕುಡ್ಕಂಡು ಬಾ, ಓಗು!"

ಇಂದ್ರಮ್ಮ ಎದ್ದು ಹೋಗಿ ನೀರು ಕುಡಿದು ಬಂದರು. ಕುರ್ಚಿಯಲ್ಲಿ ಕೂತ ಮೇಲಷ್ಟೇ ಅವರಿಗೆ ನಗು ಬಂದದ್ದು.

"ಇರ್ಲಿ ಬುಡಮ್ಮ," ಎಂದರು.

ಶೋಭಿತಾ ಚೀಲದಿಂದ ಚಾರ್ಜರ್ ತೆಗೆದು, ವೈರು ಸುತ್ತಿ, ಟ್ಯಾಬಿನ ಪಕ್ಕದಲ್ಲಿಟ್ಟಳು. ಅದೂ ಕಾಲೇಜಿನದೇ.