ಕೇಬಲ್ ಮೇಷ್ಟ್ರ ಕಾರು

"ಕೈ ತೆಗೀರಿ ಮಾಮ, ಆ ಬಾನೆಟ್ ಮುಟ್ಟಬೇಡಿ!"

ಮಗಳು ಓಡಿ ಬರುವಷ್ಟರಲ್ಲಿ ಅಪ್ಪನ ಹಳೆಯ ಗೆಳೆಯ ಗುಡುಗು ಮಾಮ ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿಯಾಗಿತ್ತು. ಒಳಗೆ ಹಜಾರದಲ್ಲಿ ಅಪ್ಪನ ದೇಹ ಮಲಗಿತ್ತು. ಗೇಟಿನಾಚೆ ವ್ಯಾನು ಕಾಯುತ್ತಿತ್ತು. ರೇಸ್ ಟ್ರ್ಯಾಕಿನ ಹಳಬರೆಲ್ಲ ಶೆಡ್ಡಿನಲ್ಲಿ ಕಾರಿನ ಸುತ್ತ ನೆರೆದಿದ್ದರು.

"ಯಾಕೆ ಮುಟ್ಟಬಾರದು?" ಗುಡುಗು ಮಾಮನ ದನಿ ಸಾವಿನ ಮನೆಯಲ್ಲೂ ತಗ್ಗಿರಲಿಲ್ಲ. "ನಮ್ಮಲ್ಲಿ ಯಾರೇ ಹೋದ್ರೂ, ಹೊರಡೋ ಮುಂಚೆ ಅವರ ಗಾಡಿ ಕೇಬಲ್ ಕೈಯಲ್ಲಿ ಎಳೆದು ಮೂರು ಸಲ ಎಂಜಿನ್ ಕೂಗಿಸ್ತೀವಿ. ನಿಮ್ಮಪ್ಪನೇ ಶುರು ಮಾಡಿದ್ದು. ಅವನಿಗೇ ತಪ್ಪಿಸೋಕಾಗುತ್ತಾ?"

ಅಪ್ಪ ಟ್ರ್ಯಾಕಿನಲ್ಲಿ ಹೊಸ ಚಾಲಕರಿಗೆ ಕಲಿಸುತ್ತಿದ್ದವರು. ಪೆಡಲಿನಿಂದ ಎಂಜಿನ್ನಿಗೆ ಒಂದು ಉಕ್ಕಿನ ಕೇಬಲ್, ಕಾಲು ಒತ್ತಿದಷ್ಟೇ ಎಂಜಿನ್ನಿನ ಗಾಳಿಬಾಗಿಲು ತೆರೆಯಬೇಕು, ನಡುವೆ ದಲ್ಲಾಳಿ ಬೇಡ ಎಂದು ಹೇಳಿ ಹೇಳಿ ಕೇಬಲ್ ಮೇಷ್ಟ್ರು ಎನಿಸಿಕೊಂಡಿದ್ದರು. ಮಗಳು ಸೇರಿದ್ದು ದಲ್ಲಾಳಿಯ ಕೆಲಸಕ್ಕೇ. ಅವಳ ಕಾರ್ಖಾನೆಯ ಕಾರುಗಳಲ್ಲಿ ಕೇಬಲ್ ಇಲ್ಲ. ಪೆಡಲ್ ಸುದ್ದಿ ಕೊಡುತ್ತದೆ, ಕಂಪ್ಯೂಟರು ಅದನ್ನು ಓದಿ ಪುಟ್ಟ ಮೋಟರಿನಿಂದ ಗಾಳಿಬಾಗಿಲು ತೆರೆಸುತ್ತದೆ. ಆ ಕಂಪ್ಯೂಟರಿಗೆ ಬುದ್ಧಿ ಹೇಳುವವಳು ಅವಳು. ಕೆಲಸಕ್ಕೆ ಸೇರಿದ ವರ್ಷ ಅಪ್ಪ ಅವಳ ಜೊತೆ ಮಾತು ಬಿಟ್ಟಿದ್ದು ಟ್ರ್ಯಾಕಿಗೆಲ್ಲ ಗೊತ್ತಿತ್ತು.

"ಪಾಪ, ಸ್ವಂತ ಮಗಳೇ ಎದುರು ಪಾರ್ಟಿ ಸೇರಿದಳು ಅಂತ ಕೊರಗಿ ಕೊರಗಿ ಹೋದ," ಎಂದರು ಬಿಡಿಭಾಗದ ಅಂಗಡಿಯವರು, ಅವಳಿಗೆ ಕೇಳಿಸಲಿ ಎಂದೇ.

ಅವಳಿಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಇದು ಎಷ್ಟನೆಯ ಚುಚ್ಚುಮಾತೋ. ಅಳುವುದಕ್ಕೂ ಬಿಡದ ಜನ.

*

ಹಿಂದಿನ ವರ್ಷ ಅಪ್ಪ ಇದೇ ಕಾರನ್ನು ಇದೇ ಶೆಡ್ಡಿನ ಗೋಡೆಗೆ ಗುದ್ದಿದ್ದರು. ರಜೆಗೆ ಬಂದಿದ್ದ ಮಗಳು ಓಡಿ ಬಂದಾಗ ಸ್ಟೀರಿಂಗ್ ಹಿಡಿದು ಕೂತೇ ಇದ್ದರು.

"ಕಾಲು ಪೆಡಲ್ ಮೇಲಿದೆಯೋ ನೆಲದ ಮೇಲಿದೆಯೋ ಗೊತ್ತಾಗ್ತಿಲ್ಲ ಕಣೇ."

ಸಕ್ಕರೆ ಕಾಯಿಲೆ ಬಲಗಾಲಿನ ನರಗಳನ್ನು ತಿಂದಿತ್ತು. ರಸ್ತೆಗೆ ಗಾಡಿ ಇಳಿಸಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ಖಾಲಿ ಟ್ರ್ಯಾಕಿನಲ್ಲಿ ಒಬ್ಬರೇ ಸುತ್ತುವುದಾದರೂ ಅಪ್ಪನಿಗೆ ಉಳಿಯಬೇಕಿತ್ತು. ಆದರೆ ಕೇಬಲ್ ನಿಷ್ಠುರದ್ದು, ಕಾಲು ಮಾಡಿದ ತಪ್ಪನ್ನೆಲ್ಲ ಹಾಗೆ ಹಾಗೆಯೇ ಎಂಜಿನ್ನಿಗೆ ಒಪ್ಪಿಸುತ್ತಿತ್ತು. ಕಾರು ಹುಚ್ಚು ಕುದುರೆಯಂತೆ ನೆಗೆಯುತ್ತಿತ್ತು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ ಎರಡು ದಿನ ಊಟ ಬಿಟ್ಟು ಕೂತು, ಕೊನೆಗೆ ಗೋಡೆ ನೋಡುತ್ತ ಹೇಳಿದರು: "ನಿನ್ನ ಆ ದಲ್ಲಾಳೀನ ಹಾಕು."

ಅವಳು ರಜೆಯಿಡೀ ಕಾರಿನಡಿ ಮಲಗಿದಳು. ಕಾರು ಗೇರಿನಲ್ಲಿರುವಾಗ ಕಾಲು ದಡಕ್ಕನೆ ಬಿದ್ದರೂ ಎಂಜಿನ್ ಮೆಲ್ಲಗೆ ಏಳುವಂತೆ ಕಂಪ್ಯೂಟರಿಗೆ ಕಲಿಸಿದಳು. ಟ್ರ್ಯಾಕಿನಲ್ಲಿ ಒಂದು ಸುತ್ತು ಹೋಗಿ ಬಂದ ಅಪ್ಪ ಕಾರಿನಿಂದ ಇಳಿಯಲೇ ಇಲ್ಲ. "ನನ್ನ ಹಳೇ ಕಾಲು ವಾಪಸ್ ಬಂತು ಕಣೇ," ಎಂದು ಕಣ್ಣೊರೆಸಿಕೊಂಡರು.

ಮರುದಿನ ನೋಡಿದರೆ, ಕೆಲಸವಿಲ್ಲದ ಹಳೆಯ ಕೇಬಲ್ಲನ್ನು ಎಂಜಿನ್ ಮೇಲೆ ಮೊದಲಿನ ಹಾಗೆಯೇ ಹಾಯಿಸಿ, ಎಳೆದರೆ ಬಿಗಿ ಸಿಗುವಂತೆ ತುದಿಯನ್ನು ಎಂಜಿನ್ನಿನ ಮುಚ್ಚಳದಡಿಯಲ್ಲಿ ಒಂದು ಸ್ಪ್ರಿಂಗಿಗೆ ಕಟ್ಟುತ್ತಿದ್ದರು.

"ಇದ್ಯಾಕಪ್ಪ?"

"ಗುಡುಗು ನೋಡಿದರೆ ನಕ್ಕು ನಕ್ಕು ಸಾಯ್ತಾನೆ. ನಾನಿರೋತನಕ ಯಾರಿಗೂ ಹೇಳಬೇಡ."

"ಅವರು ನನ್ನ ಬಯ್ತಾರಲ್ಲ?"

"ಸ್ವಲ್ಪ ಬಯ್ಯಿಸ್ಕೋ."

ಮಾಡಿದ್ದು ಅವಳು, ಬೈಸಿಕೊಂಡದ್ದೂ ಅವಳು. ಅಪ್ಪ ಮಾತ್ರ ಅವಳ ಕೆಲಸದ ಮೇಲೆ ಕೂತು ಟ್ರ್ಯಾಕ್ ಸುತ್ತಿ ಬಂದು, ಗೆಳೆಯರ ನಡುವೆ ಕೇಬಲ್ಲನ್ನು ಹೊಗಳಿದರು. ಆ ಸಿಟ್ಟು ಅವಳಿಗೆ ಇನ್ನೂ ಆರಿರಲಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗುವುದು?

*

"ಹೋಗೋ ಹೊತ್ತಲ್ಲಿ ಜಗಳ ಬೇಡ," ಎನ್ನುತ್ತ ಅಮ್ಮ ಕೀಲಿ ತಂದು ಅವಳ ಕೈಗಿಟ್ಟರು. "ಸ್ಟಾರ್ಟ್ ಮಾಡು."

ಅವಳು ಚಾಲಕನ ಸೀಟಿನಲ್ಲಿ ಕೂತಳು. ಎಂಜಿನ್ ಹದವಾಗಿ ಗುರುಗುಟ್ಟಿತು. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಗುಡುಗು ಮಾಮ ಕೇಬಲ್ಲಿಗೆ ಕೈ ಹಾಕಿದ್ದು ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಅವಳಿಗೆ ಕಂಡಿತು. ಈಗ ಎಂಜಿನ್ ಕೂಗದಿದ್ದರೆ ಇಷ್ಟು ಜನರೆದುರು ಅಪ್ಪನ ಮಾನ ಹೋಗುತ್ತದೆ. ಮಾಮನ ಕೈ ಎಳೆದೊಡನೆ ಅವಳ ಕಾಲು ಪೆಡಲ್ ಒತ್ತಿತು. ಎಂಜಿನ್ ಭೋರೆಂದಿತು. ಹಳಬರ ಕಣ್ಣಲ್ಲಿ ನೀರು ಬಂತು.

ಎರಡನೆಯ ಸಲವೂ ಹಾಗೆಯೇ ಒತ್ತಿದಳು.

"ಕೇಳಿದ್ರಾ?" ಗುಡುಗು ಮಾಮ ಗಂಟಲು ಹರಿಯುವಂತೆ ಕೂಗಿದ. "ಕೇಬಲ್ ಅಂದ್ರೆ ಇದು! ಎಳೆದ ಕೂಡಲೇ ಉತ್ತರ! ಈ ಹುಡುಗಿಯ ಕಂಪ್ಯೂಟರ್ ಕೊಡುತ್ತಾ ಹಿಂಗೆ? ಅಪ್ಪನ ಕೈಲಿ ಏನೂ ಕಲೀಲಿಲ್ಲ ಇವಳು."

"ಕಾಲು ತೆಗಿ," ಎಂದರು ಅಮ್ಮ.

ಮಗಳು ಬೆಚ್ಚಿ ತಿರುಗಿದಳು. ತೆರೆದ ಬಾಗಿಲ ಬಳಿ ನಿಂತ ಅಮ್ಮ ನೋಡುತ್ತಿದ್ದದ್ದು ಅವಳ ಬಲಗಾಲನ್ನು.

"ನಿಂಗೆ ಗೊತ್ತಿತ್ತಾ?"

"ಕಾಲಿಂದ ಚಪ್ಪಲಿ ಜಾರಿದರೂ ಅವರಿಗೆ ತಿಳೀತಿರಲಿಲ್ಲ. ದಿನಾ ಹಾಕ್ತಿದ್ದೋಳು ನಾನು. ಆ ಕಾಲಲ್ಲಿ ಕೇಬಲ್ ಒತ್ತಿ ಕಾರು ಓಡಿಸ್ತಿದ್ರು ಅಂದ್ರೆ ನಂಬೋಕೆ ನಾನೇನು ಗುಡುಗಾ?" ಅಮ್ಮನ ದನಿ ನಡುಗುತ್ತಿತ್ತು, ದುಃಖಕ್ಕಲ್ಲ. "ಅವರು ಇರೋತನಕ ನಾನೂ ಸುಮ್ಮನಿದ್ದೆ. ಇನ್ನು ಸಾಕು. ತೆಗಿ."

ಅವಳು ಕಾಲು ತೆಗೆದಳು.

ಗುಡುಗು ಮಾಮ ಮೂರನೆಯ ಸಲ ಎಳೆದ. ಎಂಜಿನ್ ಮೆಲ್ಲಗೆ ಗುರುಗುಟ್ಟುತ್ತಲೇ ಇತ್ತು. ಇನ್ನೊಮ್ಮೆ ಎಳೆದ. ಸಿಟ್ಟು ಬಂದು ಬಲವೆಲ್ಲ ಹಾಕಿ ಜಗ್ಗಿದ. ಮುಚ್ಚಳದಡಿ ಏನೋ ಟಣ್ಣೆಂದಿತು. ಕೇಬಲ್ಲು ಇಡಿಯಾಗಿ ಕೈಗೆ ಬಂತು, ತುದಿಯಲ್ಲಿ ಸ್ಪ್ರಿಂಗ್ ನೇತಾಡುತ್ತ. ಕೇಬಲ್ ಕಿತ್ತುಬಂದರೂ ಎಂಜಿನ್ನಿನ ಸದ್ದು ಒಂದಿಷ್ಟೂ ತಪ್ಪಿರಲಿಲ್ಲ.

"ಇನ್ನೊಂದು ಸಲ ಬಾಕಿ ಇದೆ," ಎಂದರು ಅಮ್ಮ, ಎಲ್ಲರಿಗೂ ಕೇಳುವಂತೆ.

ಮಗಳು ಪೆಡಲ್ ಒತ್ತಿದಳು. ಎಂಜಿನ್ ಶೆಡ್ಡಿನ ತಗಡು ನಡುಗುವಂತೆ ಕೂಗಿತು. ಗುಡುಗು ಮಾಮ ಬಾಯಿ ತೆರೆದು ನಿಂತಿದ್ದ, ಅವನ ಮುಷ್ಟಿಯಲ್ಲಿ ಆ ಪುಟ್ಟ ಸ್ಪ್ರಿಂಗ್ ಅಲ್ಲಾಡುತ್ತಿತ್ತು.