ಚಿತ್ರಕ್ಕೆ ಮಾತ್ರ ಬೀಗ

ಅಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅತ್ತೆ, ಅಂದರೆ ಅಪ್ಪನ ಅಕ್ಕ, ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು: "ಚಪ್ಪಲಿ ಕುಟ್ಟೋದು."

ಪೂರ್ತಿ ಸುಳ್ಳೇನಲ್ಲ. ಸಿನಿಮಾದಲ್ಲಿ ನಟಿ ಮೆಟ್ಟಿಲು ಹತ್ತಿದರೆ, ಸ್ಟುಡಿಯೋದ ಮುಚ್ಚಿದ ಕೋಣೆಯಲ್ಲಿ ಅಮ್ಮ ತೆರೆಯ ಮೇಲೆ ಅವಳ ಕಾಲನ್ನೇ ನೋಡುತ್ತ ಹಲಗೆಯ ಮೇಲೋ ಜಲ್ಲಿಯ ಮೇಲೋ ಹೆಜ್ಜೆ ಹಾಕುತ್ತಿದ್ದಳು; ಆ ಸದ್ದನ್ನು ಹಿಡಿದು ಚಿತ್ರಕ್ಕೆ ಜೋಡಿಸುತ್ತಿದ್ದರು. ಬಟ್ಟೆಯ ಸರಪರ, ಬಾಗಿಲ ಚಿಲಕ, ಲೋಟ ಕೆಳಗಿಟ್ಟ ಸದ್ದು, ಎಲ್ಲವೂ ಅವಳದೇ. ಕೆಲಸ ಚೆನ್ನಾಗಿ ಆದಷ್ಟೂ ಯಾರ ಗಮನಕ್ಕೂ ಬರುವುದಿಲ್ಲ. ನೋಡುವವರ ಕಣ್ಣೆಲ್ಲ ನಟಿಯ ಮುಖದ ಮೇಲೆ.

ಒಂದು ಸಲವಾದರೂ ಅತ್ತೆ ಆ ಕೆಲಸ ನೋಡಿ ತೆಪ್ಪಗಾಗಬೇಕು ಎಂಬುದು ಮಗಳು ಗುಬ್ಬಿಯ ಹಟ. ಅಮ್ಮ ಕೆಲಸ ಮಾಡಿದ ಹೊಸ ಚಿತ್ರ ಆನ್‌ಲೈನ್‌ನಲ್ಲಿ ಬಂದದ್ದೇ ತಡ, ಭಾನುವಾರ ಮಧ್ಯಾಹ್ನ ಅತ್ತೆಯನ್ನು ಕರೆದು ಕೂರಿಸಿ, ಕಿಟಕಿಯ ಪರದೆ ಎಳೆದಳು. ಕಂಪ್ಯೂಟರೂ ಅವಳದೇ ಸೃಷ್ಟಿ. ರಿಪೇರಿ ಅಂಗಡಿಯಲ್ಲಿ ಗಿರಾಕಿಯೊಬ್ಬ ಬೇಡವೆಂದು ಬಿಟ್ಟುಹೋದದ್ದನ್ನು ತಂದು, ಕಾಸಿಲ್ಲದೆ ಸಿಗುವ, ಯಾರು ಬೇಕಾದರೂ ಒಳಗೆ ಇಣುಕಿ ತಿದ್ದಬಹುದಾದ ಲಿನಕ್ಸ್ ಎಂಬ ಸಿಸ್ಟಮ್ ಹಾಕಿ, ಜೀವ ಕೊಟ್ಟಿದ್ದಳು.

ಚಿತ್ರ ಶುರುವಾಗಲೇ ಇಲ್ಲ. ಈ ಸಾಧನದಲ್ಲಿ ತೋರಿಸಲಾಗದು ಎಂಬ ಸಾಲೊಂದು ಬಂತು. ಗುಬ್ಬಿ ಬ್ರೌಸರಿನ ಸೆಟ್ಟಿಂಗ್ ಹುಡುಕಿ, ನಕಲಾಗದಂತೆ ಬೀಗ ಹಾಕಿದ ವಿಡಿಯೋಗೆ ಒಪ್ಪಿಗೆ ಕೊಟ್ಟು, ಮತ್ತೆ ತೆರೆದಳು. ಈ ಸಲ ಸಂಗೀತ ಬಂತು, ಗಾಳಿ ಬೀಸಿತು, ಎಲ್ಲೋ ನಾಯಿ ಬೊಗಳಿತು. ತೆರೆ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪು.

"ಪುಕ್ಕಟೆ ಸಿಸ್ಟಮ್ ಹಣೆಬರಹ ಇಷ್ಟೇ," ಎಂದ ಅಲ್ಲೇ ಕೂತಿದ್ದ ಗುಬ್ಬಿಯ ಅಣ್ಣ.

ಗುಬ್ಬಿಯ ಕಿವಿ ಬಿಸಿಯಾಯಿತು. ತಪ್ಪು ಕಂಪ್ಯೂಟರಿನದಲ್ಲ ಎಂದು ಹೇಳಿ ನೋಡಿದಳು. ಯಾರಾದರೂ ನಕಲು ಮಾಡಿಯಾರೆಂದು ಚಿತ್ರ ತೋರಿಸುವ ಕಂಪನಿಗೆ ಭಯ. ಬಾಗಿಲುಗಳೆಲ್ಲ ತೆರೆದಿರುವ ಮನೆಯಲ್ಲಿ ಒಡವೆ ಪೆಟ್ಟಿಗೆ ಇಡಲು ಯಾರು ಒಪ್ಪುತ್ತಾರೆ? ಹಾಗಾಗಿ ಚಿತ್ರಕ್ಕೆ ದೊಡ್ಡ ಬೀಗ, ಸದ್ದಿಗೆ ನೆಪಮಾತ್ರದ ಚಿಲಕ. ಅತ್ತೆ ಆಕಳಿಸಿದಳು. ಕದ್ದ ಕಾಪಿ ಬೇಕಾದಷ್ಟು ಸಿಗುತ್ತದೆ, ಅದು ಯಾವ ಕಂಪ್ಯೂಟರಲ್ಲಾದರೂ ಓಡುತ್ತದೆ ಎಂದ ಅಣ್ಣ. ಕಾಸು ಕೊಟ್ಟವರಿಗೆ ಕತ್ತಲೆ, ಕದ್ದವರಿಗೆ ಬೆಳಕು! ಅದೂ ನಿಜವೇ.

"ನಾನು ದುಡಿದದ್ದನ್ನ ನನ್ನ ಮನೇಲೇ ಕದ್ದು ನೋಡೋದಾ?" ಎಂದಳು ಅಮ್ಮ. ಅಣ್ಣ ತನ್ನ ಫೋನಿನಲ್ಲಾದರೂ ಹಾಕುತ್ತೇನೆಂದು ಒಳಗೆ ಹೋದ. ಸದ್ದು ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಗುಬ್ಬಿಗೆ ಅದನ್ನು ನಿಲ್ಲಿಸುವಷ್ಟೂ ಮನಸ್ಸಿರಲಿಲ್ಲ.

ಕಪ್ಪು ತೆರೆಯ ಆಚೆ ಬಾಗಿಲು ತೆರೆಯಿತು. ಯಾರೋ ಮುದುಕಿ ನಡೆದು ಬಂದಳು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ನೆಲ ಸವರಿಕೊಂಡು. ಹೊಸ್ತಿಲ ಬಳಿ ತಡೆದು, ಗೋಡೆಗೆ ಅಂಗೈ ತಟ್ಟಿ, ಮತ್ತೆ ನಡೆದಳು.

ಅತ್ತೆಯ ಆಕಳಿಕೆ ಅರ್ಧಕ್ಕೇ ನಿಂತಿತು. ನೆಟ್ಟಗೆ ಕೂತಳು.

"ಅದು ನಮ್ಮಮ್ಮ," ಎಂದಳು.

ಅಜ್ಜಿ ಹೋಗಿ ವರ್ಷಗಳಾಗಿದ್ದವು. ಗೋಡೆ ತಟ್ಟುತ್ತ ಅಡುಗೆಮನೆಗೆ ಬರುತ್ತಿದ್ದದ್ದು ಗುಬ್ಬಿಗೂ ಮಸುಕಾಗಿ ನೆನಪಿತ್ತು.

"ಏನೇ ಇದು," ಅತ್ತೆ ಅಮ್ಮನ ಕಡೆ ತಿರುಗಿದಳು. "ಅಮ್ಮನ ನಡಿಗೆ ಇದರೊಳಗೆ ಹೇಗೆ ಬಂತು?"

"ಮುದುಕಿ ಪಾತ್ರ ಬಂತು ಅತ್ತಿಗೆ. ನನಗೆ ಬೇರೆ ಮುದುಕಿ ಗೊತ್ತಿಲ್ಲ." ಅಮ್ಮ ಕೈ ಮಡಿಚಿ ಕೂತಿದ್ದಳು. "ಕೊನೇ ಕಾಲದಲ್ಲಿ ಕೈ ಹಿಡಿದು ನಡೆಸಿದೋಳು ನಾನಲ್ವಾ? ಅವರ ಎಡಗಾಲು ಎಷ್ಟು ಭಾರ ಅಂತ ನನ್ನ ಕಾಲಿಗೆ ಗೊತ್ತು."

ಅತ್ತೆ ಕಣ್ಣು ಮುಚ್ಚಿಕೊಂಡು, ಮುದುಕಿ ತೆರೆಯ ಆಚೆ ಓಡಾಡಿದಷ್ಟು ಹೊತ್ತೂ ಕುತ್ತಿಗೆಯನ್ನು ಸದ್ದಿನ ಹಿಂದೆಯೇ ತಿರುಗಿಸುತ್ತಿದ್ದಳು.

ಅಷ್ಟರಲ್ಲಿ ಅಣ್ಣ ಗೆದ್ದವನಂತೆ ಫೋನು ಹಿಡಿದು ಬಂದ. ಚಿತ್ರ ನಿಚ್ಚಳವಾಗಿತ್ತು. ಹೆಸರಾಂತ ನಟಿ, ಬಿಳಿ ಕೂದಲು, ಒಳ್ಳೆಯ ಬೆಳಕು. ಅತ್ತೆ ಒಂದು ಕ್ಷಣ ನೋಡಿ ಫೋನನ್ನು ಪಕ್ಕಕ್ಕೆ ಸರಿಸಿದಳು.

"ಇವಳ್ಯಾರೋ. ತೆಗಿ ಅತ್ಲಾಗೆ. ಗುಬ್ಬಿ, ನಿನ್ನ ಕಂಪ್ಯೂಟರಲ್ಲೇ ಇನ್ನೊಂದ್ಸಲ ಹಾಕು. ಚೆನ್ನಾಗಿದೆ ಅದು."

ಹೊಗಳಿದ್ದು ಕಂಪ್ಯೂಟರನ್ನೋ ಕತ್ತಲೆಯನ್ನೋ, ಗುಬ್ಬಿ ಕೇಳಲು ಹೋಗಲಿಲ್ಲ. ಅಮ್ಮನ ಮುಖ ನೋಡಿದಳು. ಅಮ್ಮ ಬೆನ್ನು ನೆಟ್ಟಗೆ ಮಾಡಿ, ಮನೆಗೆ ಬಂದವರ ಎದುರು ಎಂದೂ ಕೂರದ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

ಅತ್ತೆ ಆಗಲೇ ತನ್ನ ತಂಗಿಗೆ ಫೋನು ಹಚ್ಚಿದ್ದಳು. "ಮಾತಾಡ್ಬೇಡ, ಬರೀ ಕೇಳು. ಅಮ್ಮ ನಡೀತಿದಾಳೆ. ನಮ್ಮನೆ ಸೊಸೆ ಮಾಡಿದ್ದು, ಇನ್ಯಾರಿಗೆ ಬರುತ್ತೆ?" ಎಂದು ಫೋನನ್ನು ಸ್ಪೀಕರಿಗೆ ಆನಿಸಿ ಹಿಡಿದಳು.

ಈ ನಕಲಿಗೆ ಯಾವ ಕಂಪನಿಯ ಬೀಗವೂ ಇರಲಿಲ್ಲ. ಗುಬ್ಬಿ ನಗು ತಡೆದುಕೊಂಡು ಚಿತ್ರವನ್ನು ಹಿಂದಕ್ಕೆ ಓಡಿಸಿ, ಬಾಗಿಲು ತೆರೆಯುವ ಜಾಗಕ್ಕೆ ತಂದು, ಸದ್ದು ಏರಿಸಿದಳು.