ಏಳುಮಲೈ ಯಾರ ಕಡೆಯವನು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಾಗಯ್ಯನ ಸೈಕಲ್ ಶಾಪಿನ ಮುಂದೆ ಒಂದು ಕಲ್ಲುಬೆಂಚು ಇತ್ತು. ಭಾನುವಾರ ಫುಟ್‌ಬಾಲ್ ಮ್ಯಾಚು ನೋಡಿಕೊಂಡು ಬಂದವರು ಮೊದಲು ಅಲ್ಲಿ ಕೂತು, ಹೊಟ್ಟೆ ತುಂಬ ಜಗಳವಾಡಿ, ಆಮೇಲೆ ಮನೆಯ ದಾರಿ ಹಿಡಿಯುತ್ತಿದ್ದರು. ಯಾರು ಮೈಮುರಿದು ಆಡಿದರು, ಯಾರು ಸುಮ್ಮನೆ ಕಾಲೆಳೆದುಕೊಂಡು ತಿರುಗಿದರು ಎನ್ನುವುದೆಲ್ಲ ಅಲ್ಲೇ ತೀರ್ಮಾನವಾಗಬೇಕು. ರೆಫರಿಯ ತೀರ್ಪಿಗೆ ಊರು ತಕರಾರು ತೆಗೆಯುತ್ತಿತ್ತು. ಬೆಂಚಿನ ತೀರ್ಪಿಗೆ ಯಾರೂ ತೆಗೆಯುತ್ತಿರಲಿಲ್ಲ.

ಆ ಬೆಂಚಿನ ಮೇಲೆ ಹೊನ್ನಯ್ಯ ಮತ್ತು ಈಶ್ವರಪ್ಪ ಇಲ್ಲದ ಭಾನುವಾರವೇ ಇರಲಿಲ್ಲ. ಹೊನ್ನಯ್ಯ ಹೊಳೆಯಾಚೆಯ ಹಳ್ಳಿಯಿಂದ ಬಂದವನು. ಕಬ್ಬಿಣದ ಕಾರ್ಖಾನೆ ಶುರುವಾದಾಗ ಗದ್ದೆಯನ್ನು ಅಣ್ಣನ ಪಾಲಿಗೆ ಬಿಟ್ಟು ಸಂಬಳಕ್ಕೆ ಸೇರಿ, ಎರಕದ ಶಾಪಿನಲ್ಲಿ ಮಣ್ಣಿನ ಅಚ್ಚು ಮಾಡುತ್ತಿದ್ದ. ಈಶ್ವರಪ್ಪನದು ಪೇಟೆಯಲ್ಲಿ ಅಕ್ಕಿ ಮಂಡಿ. ಇಬ್ಬರ ಜಾತಿ, ಕಸುಬು, ಬೀದಿ ಯಾವುದೂ ಒಂದಲ್ಲ. ಫುಟ್‌ಬಾಲಿನ ಹುಚ್ಚು ಮಾತ್ರ ಒಂದೇ. ಹೊನ್ನಯ್ಯನಿಗೆ ವಿಷಮಶೀತ ಜ್ವರ ಬಂದು ಪ್ರಜ್ಞೆ ತಪ್ಪಿದಾಗ, ತನ್ನ ಮಂಡಿಯ ಗಾಡಿ ಕಟ್ಟಿಸಿ ಶಿವಮೊಗ್ಗದ ಆಸ್ಪತ್ರೆಗೆ ಹಾಕಿಕೊಂಡು ಹೋದವನು ಈಶ್ವರಪ್ಪ. ಹೊನ್ನಯ್ಯನ ಹೆಂಡತಿ ಪುಷ್ಪಮ್ಮ ಆ ಉಪಕಾರ ನೆನೆದಾಗಲೆಲ್ಲ ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು.

ಆ ಕಾಲಕ್ಕೆ ಭದ್ರಾವತಿಯ ತಂಡದಲ್ಲಿ ಏಳುಮಲೈ ಎಂಬ ಹುಡುಗ ಮೈದಾನದ ನಡುಭಾಗದಲ್ಲಿ ಹಾಫ್‌ಬ್ಯಾಕ್ ಆಡುತ್ತಿದ್ದ. ಅವನ ಅಪ್ಪ ಕಾರ್ಖಾನೆಯ ಕುಲುಮೆ ಕಟ್ಟುವಾಗ ತಮಿಳು ಸೀಮೆಯ ಆರ್ಕಾಟಿನ ಕಡೆಯಿಂದ ಬಂದವನು. ಏಳುಮಲೈ ಹುಟ್ಟಿದ್ದು ಇಲ್ಲೇ, ಕೂಲಿಗಳ ತಗಡಿನ ಶೆಡ್ಡಿನಲ್ಲಿ. ಈಗ ಜನ್ನಾಪುರದಲ್ಲಿ ತಾಯಿಯ ಜೊತೆ ಇದ್ದುಕೊಂಡು, ಹೊನ್ನಯ್ಯನಿದ್ದ ಎರಕದ ಶಾಪಿನಲ್ಲೇ ಕೆಲಸಕ್ಕೆ ಬರುತ್ತಿದ್ದ. ಬರಿಗಾಲಿನಲ್ಲಿ ಆಡುತ್ತಿದ್ದ. ಗೋಲು ಹೊಡೆದದ್ದು ಅಪರೂಪ. ಚೆಂಡು ಅವನ ಕಾಲಿಗೆ ಬಂದರೆ ಒಂದು ಕ್ಷಣ ನಿಂತು, ಯಾರಿಗೆ ಬೇಕೋ ಅವರ ಮುಂದೆ ಹೋಗಿ ಬೀಳುತ್ತಿತ್ತು. ಗೋಲು ಹೊಡೆದವನಿಗೆ ಹಾರ. ಏಳುಮಲೈ ಅಷ್ಟು ಹೊತ್ತಿಗೆ ಪಂಚೆ ಸುತ್ತಿಕೊಂಡು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿರುತ್ತಿದ್ದ.

ಇವನೇ ನಮ್ಮ ತಂಡದಲ್ಲೆಲ್ಲ ಮೇಲು ಎಂದು ಹೊನ್ನಯ್ಯ ಹೇಳಿದಾಗ ಬೆಂಚು ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಈಶ್ವರಪ್ಪ. ಗೋಲು ಹೊಡೆಯದವನನ್ನು ಯಾವ ಲೆಕ್ಕದಲ್ಲಿ ದೊಡ್ಡ ಆಟಗಾರ ಅನ್ನುವುದು ಎಂದು ಅವನ ವಾದ. ಮುಂದಿನ ಮ್ಯಾಚಿನಲ್ಲಿ ಹೊನ್ನಯ್ಯ ಅವನ ಪಕ್ಕದಲ್ಲೇ ನಿಂತು, ಚೆಂಡನ್ನು ನೋಡಬೇಡ, ಏಳುಮಲೈಯನ್ನು ಮಾತ್ರ ನೋಡು ಎಂದ. ಈಶ್ವರಪ್ಪ ನೋಡಿದ. ಚೆಂಡು ಇನ್ನೆಲ್ಲೋ ಇರುವಾಗಲೇ ಈ ಹುಡುಗ ಅದು ಬರುವ ಜಾಗಕ್ಕೆ ಹೋಗಿ ನಿಂತಿರುವುದನ್ನು ಕಂಡು, ಆಟ ಮುಗಿಯುವವರೆಗೆ ಎಲೆ ಅಡಿಕೆ ಹಾಕಿಕೊಳ್ಳುವುದನ್ನೇ ಮರೆತ. ಅವತ್ತಿನಿಂದ ಏಳುಮಲೈಯ ಪರವಾಗಿ ಹೊನ್ನಯ್ಯನಿಗಿಂತ ಅವನ ಗಂಟಲೇ ದೊಡ್ಡದಾಯಿತು.

ಮೈಸೂರು ಮೈಸೂರಿನವರಿಗೆ ಎಂಬ ಮಾತು ಆಗ ಸಂಸ್ಥಾನದಲ್ಲೆಲ್ಲ ಓಡಾಡುತ್ತಿತ್ತು. ಕಚೇರಿಯ ಕೆಲಸಗಳನ್ನೆಲ್ಲ ಮದ್ರಾಸಿನವರು ಹಿಡಿದು ಕೂತಿದ್ದಾರೆ ಎಂದು ಓದಿದವರು ಭಾಷಣ ಮಾಡುತ್ತಿದ್ದರು. ಆ ಮಾತು ಬೆಂಚಿಗೂ ಬಂತು. ಒಂದು ಭಾನುವಾರ ಯಾರೋ, ಆಟಕ್ಕೂ ಅವರೇನಾ, ನಮ್ಮಲ್ಲಿ ಹುಡುಗರಿಲ್ಲವಾ ಎಂದು ಕೇಳಿದರು. ಈಶ್ವರಪ್ಪ ಎದ್ದು ನಿಂತು ಅವರಿಗೆ ಸರಿಯಾಗಿ ಕೊಟ್ಟ.

"ಭದ್ರೆ ನೀರು ಕುಡಿದು ಬೆಳೆದೋನು ಮದ್ರಾಸಿನೋನು ಹೆಂಗಾಗ್ತಾನೆ ಮಾರಾಯ? ಇವನು ನಮ್ಮೋನಲ್ಲ ಅಂದ್ರೆ ನಾನೂ ಈ ಊರೋನಲ್ಲ."

ಹೊನ್ನಯ್ಯನಿಗೆ ಎದೆಯುಬ್ಬಿತು. ಮನೆಗೆ ಹೋಗಿ ಪುಷ್ಪಮ್ಮನ ಮುಂದೆ ಆ ಮಾತನ್ನು ಅದೇ ಧಾಟಿಯಲ್ಲಿ ಆಡಿ ತೋರಿಸಿದ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಶಿಫ್ಟು ಮುಗಿಸಿ ಹೊನ್ನಯ್ಯನ ಜೊತೆ ನಡೆದು ಬರುತ್ತಿದ್ದಾಗ ಏಳುಮಲೈ ಒಂದು ವಿಷಯ ಹೇಳಿದ. ಹಬ್ಬಕ್ಕೆ ಅವನ ಸೋದರಮಾವ ಮದ್ರಾಸಿನಿಂದ ಬಂದಿದ್ದ. ಅಲ್ಲಿಯ ಒಂದು ತಂಡದವರು ಇವನಿಗೆ ಕೆಲಸವನ್ನೂ ಕೊಡಿಸಿ ಆಡಿಸುತ್ತಾರೆ, ಹೊರಡು ಎಂದು ಹಠ ಹಿಡಿದಿದ್ದ. ಏಳುಮಲೈ ಒಲ್ಲೆ ಎಂದಿದ್ದ.

"ನನ್ನ ತಮಿಳ್ ಕೇಳಿದ್ರೆ ಅಲ್ಲಿಯೋರು ನಗ್ತಾರೆ ಅಣ್ಣಾ. ಆಡಿದ್ರೆ ಮೈಸೂರ್ ಕಡೆಯಿಂದಾನೇ ಆಡ್ತೀನಿ," ಎಂದ. ಸ್ವಲ್ಪ ದೂರ ನಡೆದ ಮೇಲೆ, ಇದನ್ನು ಯಾರ ಹತ್ತಿರವೂ ಆಡಬೇಡಿ, ಹೊರಟು ನಿಂತಿದ್ದಾನೆ ಅಂದುಕೊಂಡಾರು ಎಂದು ಕೇಳಿಕೊಂಡ.

ಹೊನ್ನಯ್ಯ ಆಗಲಿ ಎಂದ. ಆದರೆ ಅಂಥ ಮಾತನ್ನು ಒಬ್ಬನೇ ಇಟ್ಟುಕೊಳ್ಳುವುದು ಅವನ ಕೈಲಾಗಲಿಲ್ಲ. ಹುಡುಗನ ನಿಯತ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂದು ಒಳಗೊಳಗೇ ಕುಣಿಯುತ್ತಿದ್ದವನು ಆ ವಾರವೇ ಈಶ್ವರಪ್ಪನ ಕಿವಿಗೆ ಹಾಕಿದ. ಈಶ್ವರಪ್ಪನಿಗೆ ಹೇಳಿದರೆ ಬೇರೆಯವರಿಗೆ ಹೇಳಿದಂತೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

ಆ ಮಳೆಗಾಲ ಮುಗಿಯುತ್ತಿದ್ದಂತೆ, ದಸರೆಗೆ ಮೈಸೂರಿನಲ್ಲಿ ಆಡಲು ಶಿವಮೊಗ್ಗ ಜಿಲ್ಲೆಯದೇ ಒಂದು ತಂಡ ಕಟ್ಟುವುದೆಂದಾಯಿತು. ಅದಕ್ಕೊಂದು ಸಮಿತಿ. ಶಿವಮೊಗ್ಗದ ವಕೀಲರು ರಾಮಚಂದ್ರಪ್ಪ ಅದರ ಅಧ್ಯಕ್ಷರು. ಭದ್ರಾವತಿಯ ಹುಡುಗರ ವಿಷಯ ಬಲ್ಲವರು ಒಬ್ಬರು ಬೇಕೆಂದು ಈಶ್ವರಪ್ಪನನ್ನು ಕರೆದರು. ಸುದ್ದಿ ಕೇಳಿ ಹೊನ್ನಯ್ಯ, ಇನ್ನೇನು, ಏಳುಮಲೈಯ ಜಾಗ ಗಟ್ಟಿಯಾದ ಹಾಗೆಯೇ ಎಂದುಕೊಂಡ.

ಆಟಗಾರರನ್ನು ಪರೀಕ್ಷೆ ಮಾಡಲು ಶಿವಮೊಗ್ಗದಲ್ಲಿ ರಾಗಿಗುಡ್ಡದ ಕಡೆಯ ಬಯಲಿನಲ್ಲಿ ಒಂದು ಮ್ಯಾಚು ಇಟ್ಟರು. ಹೊನ್ನಯ್ಯ ರಜೆ ಹಾಕಿ ಏಳುಮಲೈಯ ಜೊತೆ ರೈಲಿನಲ್ಲಿ ಹೋದ. ಎದುರು ಕಡೆಯಲ್ಲಿ ಅದೇ ಹಾಫ್‌ಬ್ಯಾಕ್ ಜಾಗಕ್ಕೆ ಶಿವಮೊಗ್ಗದ ಶಿವಶಂಕರಪ್ಪ ನಿಂತಿದ್ದ. ಈಶ್ವರಪ್ಪನ ತಂಗಿಯ ಮಗ. ಕೆಟ್ಟ ಆಟಗಾರನೇನಲ್ಲ, ಗಟ್ಟಿಮುಟ್ಟಾದ ಆಳು, ಓಟ ಚೆನ್ನಾಗಿತ್ತು. ಆದರೆ ಅವತ್ತು ಏಳುಮಲೈ ಆಡಿದ ಆಟಕ್ಕೆ ಅವನು ಬಯಲಿನಲ್ಲಿದ್ದಾನೋ ಇಲ್ಲವೋ ಎನ್ನುವುದೇ ಮರೆತುಹೋಗಿತ್ತು. ಶಿವಮೊಗ್ಗದ ಜನವೇ ಏಳುಮಲೈಗೆ ಚಪ್ಪಾಳೆ ತಟ್ಟಿದರು.

ಸಮಿತಿ ವಕೀಲರ ಮನೆಯಲ್ಲಿ ಸೇರಿತು. ಹೊನ್ನಯ್ಯ, ಏಳುಮಲೈ ಇಬ್ಬರೂ ಸ್ಟೇಷನ್ನಿನಲ್ಲಿ ಕಾದರು. ಈಶ್ವರಪ್ಪ ಬಂದವನು ನಗುನಗುತ್ತಲೇ ಇದ್ದ. ಎಲ್ಲ ಚೆನ್ನಾಗೇ ಆಯಿತು, ಹೆಸರುಗಳನ್ನು ಆಮೇಲೆ ತಿಳಿಸುತ್ತಾರೆ ಎಂದು ಹೇಳಿ, ಇಬ್ಬರಿಗೂ ಕಾಫಿ ಕೊಡಿಸಿದ. ಏಳುಮಲೈಯ ಬೆನ್ನು ತಟ್ಟಿದ.

ಹೆಸರುಗಳು ಗೊತ್ತಾದಾಗ ಅದರಲ್ಲಿ ಏಳುಮಲೈ ಇರಲಿಲ್ಲ. ಆ ಜಾಗಕ್ಕೆ ಶಿವಶಂಕರಪ್ಪನ ಹೆಸರಿತ್ತು.

ಎಲ್ಲೋ ಏನೋ ತಪ್ಪಾಗಿದೆ ಎಂದೇ ಹೊನ್ನಯ್ಯ ನಂಬಿದ. ಈಶ್ವರಪ್ಪ ಖರೀದಿಗೆಂದು ಬೇರೆ ಊರಿಗೆ ಹೋಗಿದ್ದ. ಅವನು ಬರುವವರೆಗೂ ಕಾಯಲಾರದೆ, ವಾರದ ರಜೆಯ ದಿನ ಒಗೆದ ಅಂಗಿ ಹಾಕಿಕೊಂಡು ನೇರ ಶಿವಮೊಗ್ಗಕ್ಕೆ ವಕೀಲರ ಮನೆಗೆ ಹೋದ. ರಾಮಚಂದ್ರಪ್ಪ ಒಳ್ಳೆಯ ಮನುಷ್ಯ. ಜಗುಲಿಯ ಮೇಲೆ ಚಾಪೆ ಹಾಸಿಸಿ ಕೂರಿಸಿದರು. ಹೆಸರು ಕೇಳಿದ ಮೇಲಂತೂ ಇನ್ನಷ್ಟು ಮರ್ಯಾದೆಯಿಂದ ಮಾತಾಡಿದರು.

"ಆಟದಲ್ಲಿ ಆ ಹುಡುಗನೇ ಮೇಲು ಅಂತ ನಾವೆಲ್ಲ ಒಪ್ಪಿದ್ವಿ ಹೊನ್ನಯ್ಯನೋರೆ. ಆದರೆ ಮದ್ರಾಸಿನೋರು ಕರೆದಿದಾರಂತೆ, ಅಂದ್ಮೇಲೆ ಇವತ್ತೋ ನಾಳೆಯೋ ಹೋಗೋನೇ. ನಮ್ಮ ಜಿಲ್ಲೆ ಹೆಸರು ಹೊತ್ಕೊಂಡು ಆಡೋನು ನಮ್ಮೋನಾಗಿರ್ಬೇಕಲ್ವಾ? ಮೊದಲು ನನಗೂ ಅನುಮಾನ ಇತ್ತು. ಹೊನ್ನಯ್ಯನೇ ತನ್ನ ಬಾಯಿಂದ ಹೇಳಿದಾನೆ, ಅವನಿಗಿಂತ ಆ ಹುಡುಗನ್ನ ಬಲ್ಲೋರು ಯಾರೂ ಇಲ್ಲ ಅಂತ ಈಶ್ವರಪ್ಪನೋರು ಹೇಳಿದ ಮೇಲೆ ಮಾತೇ ಮುಗೀತು."

ಹೊನ್ನಯ್ಯನಿಗೆ ಕೈಯಲ್ಲಿದ್ದ ಮಜ್ಜಿಗೆಯ ಲೋಟವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವನು ಒಲ್ಲೆ ಅಂದಿದ್ದಾನೆ, ನಾನು ಹೇಳಿದ್ದೂ ಅದನ್ನೇ ಎಂದು ತಡವರಿಸಿದ. ವಕೀಲರು ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ಅವರಿಗೆ ಅರ್ಥವಾಗಿತ್ತು. ಆದರೆ ಹೆಸರುಗಳು ಆಗಲೇ ಮೈಸೂರಿಗೆ ಹೋಗಿವೆ, ಈಗ ಬದಲಾಯಿಸಿದರೆ ಜಿಲ್ಲೆಯ ಮರ್ಯಾದೆ ಏನಾದೀತು ಎಂದು ಮೆಲ್ಲಗೆ ಹೇಳಿ ಎದ್ದರು.

ವಾಪಸು ಬರುವ ರೈಲಿನಲ್ಲಿ ಹೊನ್ನಯ್ಯ ಕಿಟಕಿಯ ಹೊರಗೆ ನೋಡುತ್ತ ಕೂತ. ಜ್ವರದಲ್ಲಿ ಎಚ್ಚರವಿಲ್ಲದ ತನ್ನನ್ನು ಗಾಡಿಯ ಹುಲ್ಲಿನ ಮೇಲೆ ಮಲಗಿಸಿ ಇದೇ ಶಿವಮೊಗ್ಗಕ್ಕೆ ಒಯ್ದದ್ದನ್ನು ಪುಷ್ಪಮ್ಮ ಹೇಳುತ್ತಿದ್ದುದು ನೆನಪಾಯಿತು. ಅವತ್ತು ಜೀವ ಉಳಿಸಿದವನೇ ಇವತ್ತು ತನ್ನ ನಾಲಿಗೆಯನ್ನು ಕದ್ದುಕೊಂಡು ಹೋಗಿ ಇನ್ನೊಬ್ಬನ ಕುತ್ತಿಗೆಗೆ ಇಟ್ಟಿದ್ದ.

ಈಶ್ವರಪ್ಪ ಊರಿಗೆ ಮರಳಿದ್ದು ತಿಳಿದ ಕೂಡಲೇ ಹೊನ್ನಯ್ಯ ಮಂಡಿಗೆ ಹೋದ. ಈಶ್ವರಪ್ಪ ಮೂಟೆಗಳ ನಡುವೆ ಕೂತಿದ್ದವನು ಮುಖ ನೋಡಿಯೇ ವಿಷಯ ತಿಳಿದುಕೊಂಡು, ಆಳುಗಳನ್ನು ಹೊರಗೆ ಕಳಿಸಿದ.

"ನೀನು ಹೇಳಿದ್ದನ್ನೇ ಹೇಳ್ದೆ ಕಣೋ. ನನ್ನದೊಂದು ಮಾತು ಸೇರ್ಸಿಲ್ಲ," ಎಂದ.

"ಅವನು ಒಲ್ಲೆ ಅಂದಿದ್ದು?"

"ಅದನ್ನ ಯಾರೂ ಕೇಳ್ಲಿಲ್ಲ."

ಹೊನ್ನಯ್ಯನಿಗೆ ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಅವನು ಬೈದಿದ್ದರೆ ಈಶ್ವರಪ್ಪನಿಗೆ ಹಗುರವಾಗುತ್ತಿತ್ತೋ ಏನೋ. ಆ ಮೌನ ತಡೆಯಲಾರದೆ ಅವನೇ ಮುಂದುವರಿಸಿದ.

"ತಂಗಿ ಮಗ ಮಾರಾಯ. ಅವಳು ಮನೆಗೆ ಬಂದು ಅತ್ಕೊಂಡು ಕೂತ್ಲು. ಬೆಂಚಿನ ಮೇಲೆ ನಾವು ಸಾವಿರ ಆಡ್ತೀವಿ. ಸಮಿತೀಲಿ ಕೂತಾಗ ನಮ್ಮೋರು ಯಾರು ಅಂತ ನೋಡ್ಬೇಕಾಗುತ್ತೆ. ಆ ಹುಡುಗನಿಗೆ ಕಾಲಿದೆ, ಎಲ್ಲಾದ್ರೂ ಆಡ್ಕೊಳ್ತಾನೆ."

"ನನ್ನ ಹೆಸರು ಯಾಕೆ ಹೇಳ್ದೆ?"

ಈಶ್ವರಪ್ಪ ಮೂಟೆಯ ಬಾಯಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಅಂಗೈಯಲ್ಲಿ ಹರಡಿಕೊಂಡು ನೋಡುತ್ತ ಕೂತ.

ಹೊನ್ನಯ್ಯ ಅಲ್ಲಿಂದ ಜನ್ನಾಪುರಕ್ಕೆ ನಡೆದ. ಏಳುಮಲೈಗೆ ಸುದ್ದಿ ಆಗಲೇ ಮುಟ್ಟಿತ್ತು. ಶಿವಮೊಗ್ಗದ ಆಟಗಾರರೇ ಹೇಳಿದ್ದರು, ನಿಮ್ಮ ಹೊನ್ನಯ್ಯನೇ ಹೀಗೆ ಹೇಳಿದನಂತೆ ಎಂದು. ಅವನು ಬಾಗಿಲಿಗೆ ಬಂದು ನಿಂತ. ಒಳಗೆ ಬನ್ನಿ ಎನ್ನಲಿಲ್ಲ. ಅವನ ತಾಯಿ ಒಳಗಿನಿಂದ ಯಾರು ಎಂದು ತಮಿಳಿನಲ್ಲಿ ಕೇಳಿದಳು, ಅವನು ಯಾರೂ ಇಲ್ಲ ಎಂದ. ಅಷ್ಟು ತಮಿಳು ಹೊನ್ನಯ್ಯನಿಗೆ ಅರ್ಥವಾಗುತ್ತಿತ್ತು.

"ನಾನು ನಿಮಗೆ ಒಬ್ರಿಗೇ ಹೇಳಿದ್ದೆ ಅಣ್ಣಾ."

"ನಾನೂ ಈಶ್ವರಪ್ಪಂಗೆ ಒಬ್ಬಂಗೇ ಹೇಳಿದ್ದೆ ಕಣಪ್ಪಾ. ನಿನ್ನ ಒಳ್ಳೇದನ್ನೇ ಹೇಳಿದ್ದು."

"ಗೊತ್ತು. ನೀವು ಕೆಟ್ಟದ್ದು ಹೇಳಲ್ಲ ಅಂತ ಗೊತ್ತು," ಎಂದು ಏಳುಮಲೈ ನೆಲ ನೋಡಿದ. "ಆದ್ರೂ ನನ್ನ ಮಾತು ನನ್ ಹತ್ರಾನೇ ಇದ್ದಿದ್ರೆ, ಈಗ ಮೈಸೂರಿಗೆ ಹೋಗ್ತಿದ್ದೆ."

ಹೊನ್ನಯ್ಯ ತನಗೆ ಮೋಸವಾಯಿತು ಎಂದು ಹೇಳಿಕೊಳ್ಳಲು ಬಂದವನು, ಮೋಸ ಮಾಡಿದವನ ಹಾಗೆ ತಲೆತಗ್ಗಿಸಿ ಹಿಂದಿರುಗಿದ. ದೀಪಾವಳಿ ಕಳೆದ ಮೇಲೆ ಏಳುಮಲೈ ಕೆಲಸ ಬಿಟ್ಟು ತಾಯಿಯನ್ನು ಕರೆದುಕೊಂಡು ಮದ್ರಾಸಿಗೆ ಹೊರಟುಹೋದ. ಹೋಗುವ ದಿನ ಶಾಪಿನಲ್ಲಿ ಎಲ್ಲರಿಗೂ ಕೈ ಮುಗಿದ. ಹೊನ್ನಯ್ಯನಿಗೂ ಅವರೆಲ್ಲರಿಗೆ ಮುಗಿದ ಹಾಗೆಯೇ ಮುಗಿದ.

ಅಷ್ಟರಲ್ಲಿ ಜಿಲ್ಲೆಯ ತಂಡ ಮೈಸೂರಿನಲ್ಲಿ ಗೆದ್ದು ಬಂದಿತ್ತು. ಶಿವಶಂಕರಪ್ಪ ಚೆನ್ನಾಗಿಯೇ ಆಡಿದನಂತೆ. ಶಿವಮೊಗ್ಗದ ಸ್ಟೇಷನ್ನಿನಲ್ಲಿ ಹಾರ, ವಾಲಗ ಎಲ್ಲ ಆಯಿತು. ಸೋತು ಬಂದಿದ್ದರೆ ಹೊನ್ನಯ್ಯನಿಗೆ ಒಂದು ಮಾತಾಡಲು ಜಾಗವಿರುತ್ತಿತ್ತು. ಗೆದ್ದವರ ಮುಂದೆ ನ್ಯಾಯ ಕೇಳುವುದು ಹೇಗೆ?

ಮರುವರ್ಷ ಬೆಂಗಳೂರಿನಲ್ಲಿ ಮದ್ರಾಸಿನ ತಂಡವೊಂದು ಮೈಸೂರಿನವರ ಎದುರು ಆಡಿತು. ಏಳುಮಲೈ ಮದ್ರಾಸಿನ ಕಡೆ ಆಡಿ ಗೆಲ್ಲಿಸಿದ. ಸುದ್ದಿ ಬೆಂಚಿಗೆ ಬಂದ ದಿನ ಎಲ್ಲರೂ ಒಂದೇ ಮಾತು ಹೇಳಿದರು, ನೋಡಿ, ಅವನು ಅಲ್ಲಿಯವನೇ, ಈಶ್ವರಪ್ಪನಿಗೆ ಮೊದಲೇ ಗೊತ್ತಿತ್ತು. ಹೊನ್ನಯ್ಯ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದ. ಕೆಲವರು ನಂಬಲಿಲ್ಲ, ನಂಬಿದವರು ಈಗ ಅದೆಲ್ಲ ಯಾಕೆ ಎಂದರು. ಬರಬರುತ್ತ ಆಟದ ಮಾತೂ ಬದಲಾಯಿತು. ಏಳುಮಲೈ ಓಡುವುದರಲ್ಲಿ ನಿಧಾನವಿದ್ದ ಎಂದರು. ಗೋಲು ಹೊಡೆದದ್ದೇ ಇಲ್ಲವಲ್ಲ ಎಂದರು. ಅವನ ಒಂದು ಪಾಸಿಗೆ ಎದ್ದು ಕುಣಿದಿದ್ದವರೇ ಹಾಗೆ ಹೇಳುವುದನ್ನು ಕೇಳಿ ಹೊನ್ನಯ್ಯನಿಗೆ ತನ್ನ ಕಣ್ಣಿನ ಮೇಲೆಯೇ ಅನುಮಾನ ಬರುವಂತಾಗುತ್ತಿತ್ತು.

ಒಂದು ಭಾನುವಾರ ಭದ್ರಾವತಿ ಕಂಡ ಆಟಗಾರರಲ್ಲಿ ಒಳ್ಳೆಯವರನ್ನು ಆರಿಸಿ ಒಂದು ತಂಡ ಕಟ್ಟಿದರೆ ಯಾರು ಯಾರಿರಬೇಕು ಎಂಬ ವಾದ ಎದ್ದಿತು. ಹೆಸರುಗಳು ಬರುತ್ತ ಹೋದವು. ಹಾಫ್‌ಬ್ಯಾಕ್ ಜಾಗಕ್ಕೆ ಯಾರನ್ನೋ ಹೇಳಿದಾಗ, ಏಳುಮಲೈ ಎಂದ ಹೊನ್ನಯ್ಯ. ನಾಗಯ್ಯ ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುವುದರಲ್ಲಿ ಮುಳುಗಿದ.

"ನಮ್ಮೋರನ್ನ ಎಣಿಸ್ತಾ ಇದೀವಿ ಹೊನ್ನಯ್ಯ," ಎಂದ ಈಶ್ವರಪ್ಪ. "ಅವನು ಅಂಥಾ ಆಟಗಾರನೂ ಅಲ್ಲ ಬಿಡು."

ಹೊನ್ನಯ್ಯ ಅವನ ಮುಖ ನೋಡಿದ. ಮಂಡಿಯಲ್ಲಿ ಅಕ್ಕಿಕಾಳು ನೋಡುತ್ತ ಕೂತಿದ್ದ ಈಶ್ವರಪ್ಪನ ಮುಖದಲ್ಲಿ ಅವತ್ತು ಸ್ವಲ್ಪವಾದರೂ ಅಳುಕಿತ್ತು. ಇವತ್ತು ಅದೂ ಇರಲಿಲ್ಲ. ಹೇಳಿದ್ದನ್ನು ಅವನು ನಿಜವೆಂದೇ ನಂಬಿಬಿಟ್ಟಿದ್ದ. ಆ ದಿನ ಬಯಲಿನಲ್ಲಿ ಪಕ್ಕದಲ್ಲಿ ನಿಂತು ಕಣ್ಣರಳಿಸಿ ನೋಡಿದವನು ಈಗ ಎಲ್ಲೂ ಇರಲಿಲ್ಲ. ಹೊನ್ನಯ್ಯನಿಗೆ ಅದು ಮೊದಲಿನ ಮೋಸಕ್ಕಿಂತ ಹೆಚ್ಚು ನೋಯಿತು. ಟವೆಲು ಹೆಗಲಿಗೆ ಹಾಕಿಕೊಂಡು ಎದ್ದವನು ಮತ್ತೆ ಆ ಬೆಂಚಿನ ಮೇಲೆ ಕೂರಲಿಲ್ಲ.

ಆಟ ನೋಡುವುದನ್ನು ಮಾತ್ರ ಬಿಡಲಾಗಲಿಲ್ಲ. ಮುಂದಿನ ಭಾನುವಾರ ಮೈದಾನದ ಆಚೆ ಬದಿಗೆ, ಜನ್ನಾಪುರದ ತಮಿಳು ಕೆಲಸಗಾರರು ನಿಲ್ಲುವ ಕಡೆ ಹೋದ. ಏಳುಮಲೈಯ ಸುದ್ದಿ ಅವರಿಗೂ ಗೊತ್ತಿತ್ತು, ಹೊನ್ನಯ್ಯ ಯಾರೆಂಬುದೂ ಗೊತ್ತಿತ್ತು. ಒಬ್ಬರೂ ಮಾತಾಡಿಸಲಿಲ್ಲ. ಅವನು ಹಿಂದೆಯೇ ನಿಂತಿದ್ದನ್ನು ನೋಡಿ ಒಬ್ಬ ಮುದುಕ ಸ್ವಲ್ಪ ಸರಿದು ಜಾಗ ಬಿಟ್ಟ. ಹೊನ್ನಯ್ಯ ಆ ಜಾಗದಲ್ಲಿ ಹೋಗಿ ನಿಂತ. ಅಷ್ಟರಲ್ಲಿ ರೆಫರಿ ಸೀಟಿ ಊದಿದ, ಆಟ ಶುರುವಾಯಿತು.